ಗ್ರ್ಯಾವಿಟಿ ಮಾಡೆಲ್‌ನಲ್ಲಿ ಸಣ್ಣ ಬೆಳೆಗಾರ ಕಾಣುವುದಿಲ್ಲ

ನಮಸ್ಕಾರ. ಕಾಫಿ ರಫ್ತಿನಿಂದ ಕೊಡಗಿನ ಸಣ್ಣ ಬೆಳೆಗಾರರಿಗೆ ಎಷ್ಟು ಲಾಭ ಅನ್ನೋದನ್ನು ಗ್ರ್ಯಾವಿಟಿ ಮಾಡೆಲ್‌ನಿಂದ ಅಳೆಯಬಹುದಾ ಅಂತ ಕೇಳಿದ್ದೀರಿ. ಅದೊಂದರಿಂದಲೇ ಆಗುವುದಿಲ್ಲ. ಆ ಮಾಡೆಲ್ ನೋಡುವುದು ದೇಶ ದೇಶಗಳ ನಡುವಿನ ವ್ಯಾಪಾರವನ್ನು: ಎರಡೂ ಕಡೆಯ ಆರ್ಥಿಕತೆ ಎಷ್ಟು ದೊಡ್ಡದು, ನಡುವೆ ದೂರ ಎಷ್ಟು. ಇಟಲಿ ನಮ್ಮಿಂದ ಯಾಕೆ ಇಷ್ಟು ಕಾಫಿ ಕೊಳ್ಳುತ್ತದೆ ಅನ್ನೋ ಪ್ರಶ್ನೆಗೆ ಅದು ಸರಿ. ಸೋಮವಾರಪೇಟೆ ಕಡೆ ನಾಲ್ಕು ಎಕರೆ ತೋಟ ಇರುವವರ ಕೈಗೆ ಎಷ್ಟು ಬಂತು ಅನ್ನೋದು ಅಲ್ಲಿ ಕಾಣುವುದಿಲ್ಲ.

ಅದು ಗೊತ್ತಾಗಬೇಕಾದರೆ ವ್ಯಾಪಾರಿಯ ಗೋಡೌನಿಗೆ ಹೋಗಿ ನಿಲ್ಲಿ. ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಒಂದಿಷ್ಟು ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಬೀಜ ಅನ್ನೋದೇ ಔಟ್‌ಟರ್ನ್. ದುಡ್ಡು ನಿಲ್ಲುವುದು ಅದರ ಮೇಲೆ. ತೇವ ಜಾಸ್ತಿ ಅಂತ ಅದನ್ನು ಒಂದು ಕೆಜಿ ಕಡಿಮೆ ಬರೆದರೆ, ಪ್ರತಿ ಮೂಟೆಗೂ ಅಷ್ಟು ಹೋಯ್ತು. ಯಾವ ರಫ್ತು ಅಂಕಿಅಂಶದಲ್ಲೂ ಇದು ಸಿಗುವುದಿಲ್ಲ. ಬೆಳೆಗಾರರ ಹತ್ತಿರ ಕೂತು, ಹಳೇ ಬಿಲ್ಲುಗಳನ್ನು ನೋಡಿ ನೀವೇ ಬರೆದುಕೊಳ್ಳಬೇಕು. ಇದೇ ನಿಮ್ಮ ಪ್ರಬಂಧದ ಜೀವಾಳ ಆಗಲಿ ಅನ್ನೋದು ನನ್ನ ಆಸೆ.

ಹಳೇ ಅಂಕಿ ತೆಗೆದುಕೊಳ್ಳುವಾಗ ಜೋಪಾನ. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾಗುವ ಮೊದಲು ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು; ಎಲ್ಲರದ್ದನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುತ್ತಿತ್ತು. ಆ ಬೆಲೆಗಳನ್ನೂ ಈಗಿನವನ್ನೂ ಸುಮ್ನೆ ಒಂದೇ ಸಾಲಿನಲ್ಲಿ ಜೋಡಿಸಬೇಡಿ.

ಗೈಡ್ ಗ್ರ್ಯಾವಿಟಿ ಮಾಡೆಲ್ ಬೇಕೇ ಬೇಕು ಅಂದರೆ ಅದಕ್ಕೊಂದು ಅಧ್ಯಾಯ ಇಡಿ. ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳ ಕೋಶವಾದ ಯುಎನ್ ಕಾಮ್‌ಟ್ರೇಡ್‌ನಲ್ಲಿ ಕಾಫಿಯ ಕೋಡ್ 0901. ಇನ್‌ಸ್ಟಂಟ್ ಕಾಫಿ ಅದರಲ್ಲಿಲ್ಲ, 2101ರಲ್ಲಿದೆ. ಅದನ್ನೂ ಸೇರಿಸಿಕೊಳ್ಳಿ.