ಮುಳ್ಳಿಲ್ಲದ ಕಡಲ ಪಾಚಿ ಮೀನಿನ ಬಾಯಿಂದ ಉಳಿಯುವುದು ಹೇಗೆ?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ನೀರು ಇಳಿದಾಗ ಬಂಡೆ ತುಂಬಾ ಹಸಿರು, ಕಂದು ಪಾಚಿ ಕಾಣಿಸಿತು. ನಮ್ಮ ಬಾಲ್ಕನಿಯ ದಾಸವಾಳವನ್ನೇ ಹುಳ ಬಿಡುವುದಿಲ್ಲ. ಮುಳ್ಳೂ ಇಲ್ಲದ, ಓಡಲೂ ಆಗದ ಪಾಚಿಯನ್ನು ಮೀನು, ಬಸವನಹುಳುಗಳು ಯಾಕೆ ತಿಂದು ಮುಗಿಸುವುದಿಲ್ಲ ಅಂತ ಮಗಳು ಕೇಳಿದಳು. ಉತ್ತರ ಗೊತ್ತಾಗಲಿಲ್ಲ.
– ಓದುಗರು, ಜಯನಗರ, ಬೆಂಗಳೂರು

ಉತ್ತರ: ತಿನ್ನುತ್ತವೆ, ಹೊಟ್ಟೆ ತುಂಬಾ ತಿನ್ನುತ್ತವೆ! ಹವಳದ ದಿಬ್ಬಗಳಲ್ಲಂತೂ ಗಿಳಿಮೀನುಗಳಿಗೆ ಹಗಲಿಡೀ ಪಾಚಿ ಕೆರೆಯುವುದೇ ಕೆಲಸ. ನೀವು ನೋಡಿದ್ದು ತಿಂದು ಉಳಿದದ್ದು. ತೆಳ್ಳಗೆ, ಹಸಿರು ಎಲೆಯಂತೆ ಇದ್ದದ್ದು ಉಲ್ವಾ ಇರಬೇಕು. ಅದು ಹೆಚ್ಚಾಗಿ ಬೇಗ ಬೇಗ ಬೆಳೆದೇ ಬಚಾವಾಗುತ್ತದೆ. ಕಂದು ಪಾಚಿಗಳ ದಾರಿ ಬೇರೆ. ಅವು ತಿನ್ನುವವರ ಬಾಯಿ ಕೆಡಿಸುತ್ತವೆ.

ಎಳೆ ಅಡಿಕೆ ಅಗಿದರೆ ನಾಲಿಗೆ ಒಗರಾಗುತ್ತದೆ ಅಲ್ವಾ? ಅದು ಟ್ಯಾನಿನ್. ಎಂಜಲಿನ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಕಂದು ಪಾಚಿಗಳಲ್ಲಿರುವುದು ಅದರ ದಾಯಾದಿ, ಫ್ಲೋರೋಟ್ಯಾನಿನ್. ಕೆಲವು ಜಾತಿಗಳ ಒಣ ತೂಕದಲ್ಲಿ ನೂರಕ್ಕೆ 10 ಪಾಲಿಗಿಂತ ಜಾಸ್ತಿ ಇದೇ ಇರುತ್ತದೆ. ಉತ್ತರ ಅಟ್ಲಾಂಟಿಕ್ ಕರಾವಳಿಯ ಆಸ್ಕೋಫಿಲಮ್ ಪಾಚಿಯನ್ನು ಬಸವನಹುಳು ಮೇಯತೊಡಗಿದರೆ ಅದು ಒಗರನ್ನು ಹೆಚ್ಚಿಸಿಕೊಳ್ಳುತ್ತದೆ. ಇನ್ನೂ ಹಲ್ಲು ತಾಗದ ಪಕ್ಕದ ಪಾಚಿಯೂ ನೀರಿನಲ್ಲಿ ಬಂದ ಸುಳಿವು ಹಿಡಿದು ಮುಂಚೆಯೇ ತಯಾರಾಗುತ್ತದೆ.

ಎರಡನೆಯ ಉಪಾಯ ಹೇಳುವಾಗ ನಾನು ತರಗತಿಗೆ ಬೆಳ್ಳುಳ್ಳಿ ಒಯ್ಯುತ್ತೇನೆ. ಇಡೀ ಎಸಳಿಗೆ ಅಂಥ ಘಾಟು ಇಲ್ಲ. ಜಜ್ಜಿದರೆ ಕೋಣೆಯೆಲ್ಲ ಘಾಟು. ಬೇರೆ ಬೇರೆ ಇದ್ದ ಎರಡು ವಸ್ತು ಆಗ ಒಂದಾಗುತ್ತವೆ. ಬಿಸಿ ಕಡಲುಗಳ ಹ್ಯಾಲಿಮೀಡಾ ಎಂಬ ಹಸಿರು ಪಾಚಿಯೂ ಹೀಗೆಯೇ. ಮೀನು ಕಚ್ಚಿದ ಕೆಲವೇ ಸೆಕೆಂಡಿನಲ್ಲಿ ಅದರೊಳಗಿನ ಸೌಮ್ಯ ವಸ್ತು ಖಾರದ ವಿಷವಾಗುತ್ತದೆ.

ಹ್ಯಾಲಿಮೀಡಾ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಪಾಚಿ ಮೇಯುವ ಮೀನುಗಳು ರಾತ್ರಿ ಮಲಗುತ್ತವೆ. ಹ್ಯಾಲಿಮೀಡಾದ ಮೈ ಬಿಲ್ಲೆಗಳನ್ನು ಪೋಣಿಸಿದ ಸರದಂತೆ; ಆ ಹೊತ್ತು ನೋಡಿಯೇ ಅದು ಹೊಸ ಬಿಲ್ಲೆ ಬಿಡುತ್ತದೆ. ರಾತ್ರಿಯಿಡೀ ಆ ಬಿಲ್ಲೆ ಬೆಳ್ಳಗೆ ಇರುತ್ತದೆ, ಬೆಳಗಾಗುವ ಸ್ವಲ್ಪ ಮುಂಚೆ ಹಸಿರಾಗುತ್ತದೆ. ಎಳೆಯದರಲ್ಲಿ ವಿಷ ಜಾಸ್ತಿ. ಬಲಿತಂತೆ ಸುಣ್ಣ ತುಂಬಿ ಗಟ್ಟಿಯಾಗುತ್ತದೆ, ಆಗ ಅಷ್ಟು ವಿಷ ಬೇಕಿಲ್ಲ. ಎಷ್ಟು ಸಲ ಹೇಳಿದರೂ ನನಗೆ ಇದು ಹಳತಾಗಿಲ್ಲ.

ತಣ್ಣನೆಯ ಕಡಲುಗಳ ಡೆಸ್ಮರೆಸ್ಟಿಯಾ ಎಂಬ ಕಂದು ಪಾಚಿಯ ಕೆಲವು ಜಾತಿಗಳಂತೂ ಕೋಶದೊಳಗೆ ಸಲ್ಫ್ಯೂರಿಕ್ ಆಮ್ಲವನ್ನೇ ಇಟ್ಟುಕೊಂಡಿರುತ್ತವೆ. ಬೇರೆ ಪಾಚಿಗಳ ಜೊತೆ ಒಂದೇ ಬಕೆಟ್ಟಿಗೆ ಹಾಕಿದರೆ ಎಲ್ಲವೂ ಹಾಳು.

ಆದರೆ ಒಬ್ಬರಿಗೆ ವಿಷವಾದದ್ದು ಇನ್ನೊಬ್ಬರಿಗೆ ಆಸರೆ. ನಿಮ್ಮ ಮಗಳಿಗೆ ಇದನ್ನು ತಪ್ಪದೆ ಹೇಳಿ. ಡಿಕ್ಟಿಯೋಟಾ ಎಂಬ ಕಂದು ಪಾಚಿಯನ್ನು ಅನೇಕ ಮೀನುಗಳು ಉಗುಳಿಬಿಡುತ್ತವೆ. ಸಿಗಡಿಯ ದೂರದ ನೆಂಟ, ಅಕ್ಕಿಕಾಳಿನಷ್ಟು ಚಿಕ್ಕ ಆಂಫಿಪೋಡ್ ಮಾತ್ರ ಅದನ್ನೇ ತಿನ್ನುತ್ತದೆ. ಕೆರಿಬಿಯನ್ ಕಡಲಿನ ಒಂದು ಜಾತಿ ಆ ಪಾಚಿಯ ಎರಡು ತುಂಡು ಕತ್ತರಿಸಿ, ಅಂಚು ಸೇರಿಸಿ, ಚಿಪ್ಪಿನಂಥ ಗೂಡು ಮಾಡಿಕೊಂಡು ಹೊತ್ತು ತಿರುಗುತ್ತದೆ. ಮೀನು ಬಾಯಿಗೆ ಹಾಕಿಕೊಂಡರೂ ಉಗುಳುತ್ತದೆ. ಗೂಡಿನಿಂದ ಹೊರತೆಗೆದು ಬಿಟ್ಟಾಗ ಮೀನುಗಳು ಅದನ್ನು ತಿಂದವು. ಡಿಕ್ಟಿಯೋಟಾ ಕೊಡದೆ, ರುಚಿಯಾದ ಉಲ್ವಾದಲ್ಲೇ ಗೂಡು ಕಟ್ಟುವಂತೆ ಮಾಡಿದಾಗಲೂ ತಿಂದವು. ಅಂದರೆ ಅದನ್ನು ಕಾಯುತ್ತಿದ್ದದ್ದು ಪಾಚಿಯ ಕೆಟ್ಟ ರುಚಿ.

ಮೀನು ಬಂದು ಒಂದು ಬಾಯಿ ಹಾಕಿದರೆ ಪಾಚಿಯ ದೊಡ್ಡ ಭಾಗವೇ ಹೋಗುತ್ತದೆ. ಈ ಪುಟ್ಟ ಜೀವ ತಿನ್ನುವುದು ಚೂರುಪಾರು. ವಿಷ ಮುಖ್ಯವಾಗಿ ದೊಡ್ಡ ಬಾಯಿಗಳಿಗೆ ಅಂತ ನಾನು ನೋಡುತ್ತೇನೆ.

ಮುಂದಿನ ಸಲ ಗೋಕರ್ಣಕ್ಕೆ ಹೋದಾಗ ಬೀಸಣಿಗೆಯಂತೆ ಅರಳಿದ ಕಂದು ಪಾಚಿ ಹುಡುಕಿ. ಅದು ಪಡೀನಾ, ಡಿಕ್ಟಿಯೋಟಾದ ಬಳಗದ್ದೇ. ಮೇಲೆ ಬಿಳಿ ಗೆರೆ ಕಾಣಿಸಿದರೆ ಅದು ಸುಣ್ಣ. ಮಗಳಿಗೆ ಒಂದು ಭೂತಗನ್ನಡಿ ಕೊಡಿ. ಪಾಚಿ ಕೀಳುವುದು ಬೇಡ, ಸುಮ್ನೆ ಬೆರಳಲ್ಲಿ ಅಂಚು ಎತ್ತಿ ಅಡಿಗೆ ನೋಡಲಿ. ಚಿಕ್ಕದೇನಾದರೂ ಜಿಗಿದು ಅಡಗಿಕೊಂಡರೆ ಆಂಫಿಪೋಡ್ ಇರಬಹುದು. ಅಲೆಗೆ ಬೆನ್ನು ಹಾಕಿ ಮಾತ್ರ ಕೂರಬೇಡಿ.