ಗಲ್ಲಿ ಹುಡುಗರಿಗೂ ಪೊಲೀಸರಿಗೂ ಹೊಂದಾಣಿಕೆ ಬೆಳೆಸೋದು ಹೇಗೆ?

"ನಮ್ಮ ಗಲ್ಲಿ ಹುಡುಗರು ಪೊಲೀಸರನ್ನು ಕಂಡರೆ ಒಂದೋ ಓಡುತ್ತಾರೆ, ಇಲ್ಲಾ ಎದುರು ಮಾತಾಡುತ್ತಾರೆ. ಇದನ್ನು ಸರಿ ಮಾಡೋದು ಹೇಗೆ?" ಎಂದು ಕೇಳಿದ್ದೀರಿ. ನಾನು ಬೆಳಗಾವಿಯವನು. ಗಣೇಶ ಮಂಡಳದ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಠಾಣೆಗೆ ಹೋಗಿ ಬರೋದು ರೂಢಿಯಾಗಿದೆ (ಪರವಾನಗಿಗೆ ಮಾತ್ರ, ತಪ್ಪು ತಿಳಿಯಬೇಡಿ).

ಕಾಲೇಜಿಗೆ ವರ್ಷಕ್ಕೊಮ್ಮೆ ಸಾಹೇಬರನ್ನು ಕರೆಸಿ, ಶಾಲು ಹೊದಿಸಿ, ಭಾಷಣ ಮಾಡಿಸುತ್ತಾರಲ್ಲ, ಅದರಿಂದ ಏನೂ ಆಗೋದಿಲ್ಲ. ಹುಡುಗರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಇಬ್ಬರಿಗೂ ಬೇಕಾದ ಕೆಲಸ ಒಂದಿರಬೇಕು. ಅದನ್ನು ಕೂಡಿ ಮಾಡಿದರೆ ಪರಿಚಯ ತಾನಾಗಿಯೇ ಬೆಳೆಯುತ್ತದೆ.

ನಮ್ಮಲ್ಲಿ ಆ ಕೆಲಸ ಅಂದರೆ ಗಣೇಶೋತ್ಸವ. ಬೆಳಗಾವಿ ವಿಸರ್ಜನೆ ಮೆರವಣಿಗೆ ಒಂದು ರಾತ್ರಿಗೆ ಮುಗಿಯೋದಲ್ಲ, ಕಪಿಲೇಶ್ವರ ಹೊಂಡದ ಹತ್ತಿರ ಮರುದಿನವೂ ಮೂರ್ತಿಗಳು ಸಾಲಾಗಿ ನಿಂತಿರುತ್ತವೆ. ಬಂದೋಬಸ್ತ್‌ಗೆ ಹೊರ ಜಿಲ್ಲೆಯ ಸಿಬ್ಬಂದಿಯೂ ಬರುತ್ತಾರೆ. ಅವರಿಗೆ ನಮ್ಮ ಗಲ್ಲಿಯೂ ಗೊತ್ತಿಲ್ಲ, ಹುಡುಗರೂ ಗೊತ್ತಿಲ್ಲ. ನಿದ್ದೆಯಿಲ್ಲದೆ ನಿಂತಿರುತ್ತಾರೆ. ಈ ಕಡೆ ಹುಡುಗರು ಡಾಲ್ಬಿ (ದೊಡ್ಡ ಡಿಜೆ ಸ್ಪೀಕರ್) ಮುಂದೆ ಕುಣಿದು ಕುಣಿದು ದಣಿದಿರುತ್ತಾರೆ. "ಮುಂದೆ ನಡೀರಿ" ಅನ್ನೋ ಒಂದು ಮಾತಿಗೇ ಜಗಳ ಹತ್ತುತ್ತದೆ. ಅದೇ ಮಾತನ್ನು ನಮ್ಮ ಬೀಟ್ ಕಾನ್‌ಸ್ಟೇಬಲ್ ಹೇಳಿದರೆ ಹುಡುಗರು ನಕ್ಕು ಮುಂದೆ ಹೋಗುತ್ತಾರೆ. ಯಾಕಂದರೆ ಮಂಟಪ ಹಾಕೋ ದಿನದಿಂದ ಅವರು ಬಂದು ಹೋಗಿ ಮಾಡಿರುತ್ತಾರೆ.

ಅದಕ್ಕೇ ನಾವು ಪರವಾನಗಿ ಅರ್ಜಿ ಕೊಡಲು ಹಿರಿಯರ ಜೊತೆ ಹುಡುಗರನ್ನೂ ಕಳಿಸುತ್ತೇವೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿಯಮ ಏನು, ಹಬ್ಬದ ದಿನ ಎಷ್ಟು ಹೊತ್ತಿನ ತನಕ ಸಡಿಲಿಕೆ ಇದೆ ಅಂತ ಅವರೇ ಕೇಳಿಕೊಂಡು ಬರುತ್ತಾರೆ. ನಾವು ಹೇಳಿದರೆ ವಾದ ಮಾಡುತ್ತಿದ್ದರು!

ಇನ್ನೊಂದು ದಾರಿ ಮೈದಾನ. ನಮ್ಮ ಕಡೆ ಬೆಳಗ್ಗೆ ಯಾವ ಮೈದಾನಕ್ಕೆ ಹೋದರೂ ಪೊಲೀಸ್ ಭರ್ತಿಗೆ ಓಡುವ ಹುಡುಗರು ಸಿಗುತ್ತಾರೆ. 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಸುಮ್ನೆ ಅಲ್ಲ. ಠಾಣೆಯ ಎಳೆಯ ಕಾನ್‌ಸ್ಟೇಬಲ್‌ಗಳು ಇದನ್ನೆಲ್ಲ ಈಚೆಗೆ ದಾಟಿ ಬಂದವರೇ. ವಾರಕ್ಕೊಮ್ಮೆ ಬಂದು ಓಟ, ಉದ್ದಜಿಗಿತ ಹೇಳಿಕೊಡಿ ಅಂತ ಇನ್‌ಸ್ಪೆಕ್ಟರ್ ಹತ್ತಿರ ಕೇಳಿ ನೋಡಿ. ನನಗೆ ಗೊತ್ತಿರೋ ಎಲ್ಲ ಉಪಾಯಗಳಲ್ಲಿ ಇದೇ ಚಲೋ.

ಪೊಲೀಸರ ಕಡೆಯೂ ತಿದ್ದಿಕೊಳ್ಳೋದು ಇದೆ. ಬೈಕ್ ನಿಲ್ಲಿಸಿದ ಕೂಡಲೇ ಗೆಳೆಯರ ಮುಂದೆ ಬೈದರೆ ಹುಡುಗನಿಗೆ ದಂಡ ಮರೆತುಹೋಗುತ್ತದೆ, ಬೈಗುಳ ಮರೆಯೋದಿಲ್ಲ. ರಸೀದಿ ಕೊಟ್ಟು, ಕಾರಣ ಹೇಳಿ ಕಳಿಸಿದರೆ ಸಾಕು. ಹಾಗಂತ ಮನೆಯವರು ಹದಿನಾರರ ಮಗನ ಕೈಗೆ ಕೀಲಿ ಕೊಡೋದೂ ತಪ್ಪೇ. 2019ರ ತಿದ್ದುಪಡಿ ಆದ ಮೇಲೆ ಪಾಲಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು.

ಹಕ್ಕುಗಳನ್ನೂ ಹುಡುಗರಿಗೆ ಹೇಳಿಕೊಡಿ. ಗೊತ್ತಿಲ್ಲದಿದ್ದಾಗಲೇ ಹೆದರಿಕೆ ಜಾಸ್ತಿ. 18 ತುಂಬದವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಅಂಥವರ ವಿಚಾರ ನೋಡಲು ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ದೊಡ್ಡವರನ್ನು ಬಂಧಿಸಿದರೂ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದನ್ನು ಠಾಣೆಯವರ ಬಾಯಲ್ಲೇ ಹುಡುಗರಿಗೆ ಕೇಳಿಸಿದರೆ ಇನ್ನೂ ಒಳ್ಳೇದು.

ಮೊದಲ ಹೆಜ್ಜೆಗೆ ದೊಡ್ಡ ಕಾರ್ಯಕ್ರಮ ಏನೂ ಬೇಡ. ಹಬ್ಬದ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಅಲ್ಲಿಗೆ ಹೋಗೋರು ಬರೀ ಹಿರಿಯರು, ಮುಖಂಡರು. ಮೆರವಣಿಗೆಯಲ್ಲಿ ಕುಣಿಯೋರು ಮಾತ್ರ ಬೇರೆಯವರು, ಅಲ್ವಾ? ಈ ಸಲ ಆ ಹುಡುಗರಲ್ಲಿ ಇಬ್ಬರನ್ನು ಕರೆದುಕೊಂಡು ಹೋಗಿ, ಅವರನ್ನೇ ಮಾತಾಡಲು ಬಿಡಿ.