ಅಜ್ಜನ ಈಸಿಚೇರಿಗೆ ಗರಗಸ ಬೇಡ

ಪ್ರಶ್ನೆ: ಮೂಡಿಗೆರೆಯ ತೋಟದ ಮನೆಯಲ್ಲಿದ್ದ ಅಜ್ಜನ ಕಾಲದ ಬೀಟೆ ಈಸಿಚೇರನ್ನು ಚಿಕ್ಕಮಗಳೂರಿನ ಹೊಸ ಮನೆಗೆ ತಂದಿದ್ದೇವೆ. ಕಾಲು ಚಾಚಲು ಉದ್ದನೆಯ ಕೈಗಳಿವೆ, ಬೆತ್ತ ಜೋತುಬಿದ್ದಿದೆ. ಹಾಲ್ ಚಿಕ್ಕದು. ಕೈ ಕತ್ತರಿಸಿ, ಬಿಳಿ ಬಣ್ಣ ಹೊಡೆಸಿ, ಫೋಮ್ ಹಾಕಿಸಿದರೆ ಈ ಕಾಲಕ್ಕೆ ಒಪ್ಪುತ್ತದೆ ಎನ್ನುತ್ತಾನೆ ಮಗ. ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಮೊದಲು ಕೈಗಳ ಅಡಿಭಾಗ ನೋಡಿ. ಇಂಥ ಅನೇಕ ಕುರ್ಚಿಗಳಲ್ಲಿ ಕಾಲಿಡುವ ಪಟ್ಟಿ ತಿರುಗಿ ಕೈಯ ಕೆಳಗೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಅಲುಗಾಡಿಸದೆ ಬಿಗಿದುಕೊಂಡಿರಬಹುದು. ಅದು ತಿರುಗಿದರೆ ಜಾಗದ ತಕರಾರು ಅರ್ಧ ಮುಗಿಯಿತು.

ಬೆತ್ತದ ಎಳೆ ಹರಿದಿರದಿದ್ದರೆ ಅಡಿಯಿಂದ ಬೆಚ್ಚನೆಯ ನೀರಿನ ಬಟ್ಟೆ ಒತ್ತಿ, ನೆರಳಿನಲ್ಲಿ ಒಣಗಲು ಬಿಡಿ, ತಕ್ಕಮಟ್ಟಿಗೆ ಬಿಗಿಯುತ್ತದೆ. ಹರಿದಿದ್ದರೆ ಚೌಕಟ್ಟಿನ ಅಂಚು ಗಮನಿಸಿ. ಸಾಲಾಗಿ ತೂತುಗಳಿದ್ದರೆ ಅದು ಕೈಯಲ್ಲಿ ಹೆಣೆದದ್ದು, ಹಾಗೆಯೇ ಹೆಣೆಸಬೇಕು. ಅಂಚಿನುದ್ದಕ್ಕೂ ಕೊರೆದ ಕಾಲುವೆಯಿದ್ದರೆ ಮಾತ್ರ ಅಂಗಡಿಯ ಸಿದ್ಧ ಜಾಲರಿ ಕೂರುತ್ತದೆ. ಮಳೆಗಾಲದಲ್ಲಿ ಫೋಮ್ ಕೆಳಗೆ ಗಾಳಿಯಾಡದೆ ಬೆತ್ತಕ್ಕೆ ಬೂಷ್ಟು ಹಿಡಿಯುತ್ತದೆ. ಇನ್ನು ಬಿಳಿ ಬಣ್ಣ! ಬೀಟೆಯ ಕಪ್ಪು ಗೆರೆಗಳನ್ನು ಮುಚ್ಚಲು ದುಡ್ಡು ಕೊಡುವುದು ನನಗಂತೂ ಅರ್ಥವಾಗದ ಸಂಗತಿ. ಹೊಳಪು ಮಾಸಿದ್ದರೆ ಮರೆಯ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ. ಹೊಳಪು ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್. ಅದನ್ನು ಕೆರೆದು ತೆಗೆಯದೆಯೇ ಹೊಸದಾಗಿ ಎಳೆಸಬಹುದು.

ಮಗನಿಗೆ ಹೊಸತು ಬೇಕಿದ್ದರೆ ಹಳೆಯದರ ಮುಖ್ಯ ಗುಣವನ್ನಷ್ಟೇ ಉಳಿಸಿಕೊಂಡು ಹೊಸ ಕುರ್ಚಿಯನ್ನೇ ಮಾಡಿಸಿ. ಡೆನ್ಮಾರ್ಕಿನ ಪೀಠೋಪಕರಣ ವಿನ್ಯಾಸಕ ಹಾನ್ಸ್ ವೆಗ್ನರ್ 1944ರಲ್ಲಿ ಚೀನಾದ ಮಿಂಗ್ ರಾಜವಂಶದ ಕಾಲದ ಕುರ್ಚಿಗಳ ಜಾಡು ಹಿಡಿದು ಒಂದು ಕುರ್ಚಿ ರೂಪಿಸಿದರು. ಅವರೇ 1949ರಲ್ಲಿ ವಿನ್ಯಾಸಗೊಳಿಸಿದ ‘ವಿಶ್‌ಬೋನ್’ ಎಂಬ ಕುರ್ಚಿಗೆ ಬರುವ ಹೊತ್ತಿಗೆ ಆ ಜಾಡಿನಲ್ಲಿ ಎದ್ದು ಕಾಣುವಂತೆ ಉಳಿದದ್ದು ಬೆನ್ನಿನಿಂದ ಕೈಗಳವರೆಗೆ ಒಂದೇ ಆಗಿ ಬಾಗಿ ಬರುವ ಮರ. ಆಸನಕ್ಕೆ ಕಾಗದದ ಹುರಿಯ ಹೆಣಿಗೆ ಬಂತು. ಹಾಗೆಯೇ ನಿಮ್ಮ ಈಸಿಚೇರಿನಿಂದ ಹೊಸದಕ್ಕೆ ಉಳಿಸಿಕೊಳ್ಳಬೇಕಾದದ್ದು ಬೆನ್ನಿನ ಓರೆ ಮತ್ತು ಆಸನದ ತಗ್ಗು. ಕುರ್ಚಿಯ ಪಕ್ಕದ ಆಕಾರವನ್ನು ದೊಡ್ಡ ರಟ್ಟಿನ ಮೇಲೆ ಗೆರೆ ಎಳೆದು ಬಡಗಿಗೆ ಕೊಡಿ. ಹೊಸದರಲ್ಲಿ ಉದ್ದ ಕೈ, ಕಡೆದ ಕಾಲುಗಳನ್ನು ಧಾರಾಳವಾಗಿ ಬಿಡಬಹುದು. ಬೆತ್ತ ಮಾತ್ರ ಇರಲಿ.

ಮರಕ್ಕಾಗಿ ಬೀಟೆ ಹುಡುಕಬೇಡಿ. ಸ್ವಂತ ತೋಟದ್ದನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಸಾಕು. ಕೊಯ್ದ ಹಲಗೆಗೆ ಕೀಟ ಬೀಳದಂತೆ ಬೋರಾಕ್ಸ್–ಬೋರಿಕ್ ಆಮ್ಲದ ಉಪಚಾರ ಮಾಡಿಸಿ, ಚೆನ್ನಾಗಿ ಒಣಗಿದ ಮೇಲೆ ಕೆಲಸಕ್ಕೆ ಕೊಡಿ. ಹಸಿ ಹಲಗೆ ಸೊಟ್ಟಗಾಗಿ ಕೀಲುಗಳು ಸಡಿಲಾದರೆ ಬಡಗಿಯನ್ನು ದೂರುವಂತಿಲ್ಲ.